ಗುಂಯ್

ಲಿಗೋರಿ ಮಾಸ್ಟ್ರ ಸೆಟ್ಟಿಗೆ ಕಂಪ್ಯೂಟರು ಜೋಡಿಸಲು
ಬಂದರಿನಿಂದ ಜೆಪ್ಪುವಿಗೆ ಸಿಟಿ ಬಸ್ಸು ಹತ್ತಿದೆ.
ಚೀಲದಲ್ಲಿ ಸಾಲ್ಡರಿಂಗ್ ಕಡ್ಡಿ, ಎರಡು ಮೊಳ ಕೇಬಲು,
ಕಿರುಬೆರಳ ಉಗುರಿನಷ್ಟು ಒಂದು ಚಿಪ್ಪು.
ಮೊಬೈಲು ಬಿಚ್ಚಿ ಮುಚ್ಚುವವಳು ನಾನು;
ಇಷ್ಟು ಸ್ಕ್ರೂ ಇರುವ ದೇಹ ನನ್ನ ಅಂಗಡಿಗೆ ಬಂದದ್ದಿಲ್ಲ.

ಎಂಟು ತಿಂಗಳಾಯಿತು ಅವರ ಬಲಗೈ
ಹೇಳಿದ ಮಾತು ಕೇಳದೆ.
ನಾಬು ತಿರುಗಿಸಲು ಹೋದರೆ ಜಾರಿ,
ಯಾರದೋ ಮಾತಿನ ನಡುವೆ ಬಿದ್ದು,
ನಾಚಿ ಸೆಟ್ಟು ಆರಿಸುತ್ತಾರೆ.
"ಮೌಸಾದರೆ ಎಡಗೈಯಲ್ಲೂ ಓಡ್ತದಲ್ಲ ಝುಲೈಕಾ,"
ಅಂದವಳು ತಂಗಿ ಸೆಲೆಸ್ತಿನ್.
ಮಾಸ್ಟ್ರು ಗೋಡೆ ನೋಡಿದರು.
ಅಲ್ಲಿ ದೇಶದೇಶದ ಕಾರ್ಡುಗಳು,
ಉಪ್ಪುಗಾಳಿಗೆ ಮೂಲೆ ಮುರುಟಿಕೊಂಡು.

ಸೆಟ್ಟನ್ನು ಈಚೆಗೆ ಎಳೆದೆ.
ಹಿಂಬದಿಯಲ್ಲಿ ಆರು ತೂತಿನ ದುಂಡು ಸಾಕೆಟ್ಟು,
ತಂದ ವರ್ಷದಿಂದ ಯಾರೂ ಮುಟ್ಟದ್ದು.
ಒಳಗೊಂದು ಜೇಡನ ಸಂಸಾರ. ಊದಿ ಎಬ್ಬಿಸಿದೆ.

ಸೆಟ್ಟಿಗೆ ಐದು ವೋಲ್ಟಿನ ಮೆಲುಮಾತು,
ಹಳೆಯ ಕಂಪ್ಯೂಟರಿಗೆ ಹನ್ನೆರಡರ ಬೊಬ್ಬೆ.
ನಡುವೆ ಕೂರುವ ಚಿಪ್ಪು ದಲ್ಲಾಳಿಯ ಹಾಗೆ
ಒಂದು ಮನೆಯ ಸಿಟ್ಟು ತಗ್ಗಿಸಿ
ಇನ್ನೊಂದು ಮನೆಗೆ ಮುಟ್ಟಿಸಬೇಕು.
ನನ್ನ ಮದುವೆಗೂ ಅಂಥವನೊಬ್ಬ ಬಂದಿದ್ದ,
ಇಷ್ಟು ನಿಯತ್ತಿನವನಲ್ಲ.

ವೇಗ ಹೊಂದಲಿಲ್ಲ ಮೊದಲು.
ಒಂಬತ್ತು ಸಾವಿರದ ಆರುನೂರರಲ್ಲಿ ಕೇಳಿದರೆ
ತೆರೆಯ ಮೇಲೆ ಅಕ್ಷರದ ಬೂಸ್ಟು.
ಅರ್ಧಕ್ಕೆ ಇಳಿಸಿದೆ.
ಕೊನೆಯ ನಿಲುಗಡೆಯ ಬಿಟ್ಟು ಒಂದಲ್ಲ, ಎರಡು.
"ಹಳಬರು," ಎಂದರು ಮಾಸ್ಟ್ರು,
"ಮಾತು ಮುಗಿದ ಮೇಲೂ ಬಾಗಿಲಲ್ಲಿ ಸ್ವಲ್ಪ ನಿಲ್ತಾರೆ."

ಆಗ ಅಂಕೆ ಓಡಿತು.
ನಾಬು ಅಲ್ಲಾಡಲಿಲ್ಲ, ಯಾರೂ ಮುಟ್ಟಲಿಲ್ಲ,
ಏಳು ಮೆಗಾಹರ್ಟ್ಸಿನ ಮೆಟ್ಟಿಲನ್ನು
ಹಸಿರು ಅಂಕೆ ತಾನೇ ಹತ್ತಿತು.
ಮಾಸ್ಟ್ರು ಕೈ ಹಿಂದೆಳೆದುಕೊಂಡರು
ತನ್ನ ಕುರ್ಚಿಯಲ್ಲಿ ಬೇರೊಬ್ಬ ಕೂತದ್ದು ಕಂಡವರ ಹಾಗೆ.

ಆಮೇಲೆ ತಪ್ಪಾಯಿತು. ನನ್ನದೇ.
ಕಂಪ್ಯೂಟರಿನ ಒಂದು ತಂತಿ
ಮೋರ್ಸ್ ಕೀಲಿಯ ತಂತಿಗೆ ತಾಗಿತ್ತು.
ಪ್ರೋಗ್ರಾಮು ಮುಚ್ಚಿ ತೆರೆದದ್ದೇ ಕೆಂಪು ದೀಪ,
ಸೆಟ್ಟು ಹೊರಟಿತು
ಮಾತಿಲ್ಲದೆ, ಹೆಸರಿಲ್ಲದೆ, ಬರೀ ಅಲೆಯಾಗಿ,
ಪೇರಳೆ ಮರದಿಂದ ತೆಂಗಿನ ತಲೆಗೆ ಕಟ್ಟಿದ ಸರಿಗೆಯಿಂದ
ನೇತ್ರಾವತಿಯ ಆಚೆಗೆ, ಎಲ್ಲ ಕಡೆಗೆ.
"ತೆಗಿ, ತೆಗಿ ಮಾರಾಯ್ತಿ! ಲೈಸನ್ಸು ನನ್ನದು!"
ಕಿತ್ತೆ. ಹತ್ತು ಹನ್ನೊಂದು ಸೆಕೆಂಡು ಆಗಿರಬೇಕು.

ಯಾರೂ ಉಸಿರೆತ್ತಲಿಲ್ಲ.
ಸೇತುವೆಯ ಮೇಲೆ ರೈಲು ಹಾದದ್ದು
ಸ್ಪೀಕರಿನಲ್ಲಿ ಚರಚರ ಎಂದು ಕೇಳಿತು.
ಅದರ ಬಾಲ ಹಿಡಿದುಕೊಂಡು
ಸಣ್ಣಗೆ ಒಂದು ಸಿಳ್ಳು. ನಿಂತಿತು. ಪುನಃ.
ನನಗೆ ಗೊತ್ತಿಲ್ಲದ ಭಾಷೆ.
ಅವರ ಎಡಗೈ ಬೆರಳು ಲುಂಗಿಯ ಮೇಲೆ ಬರೆದುಕೊಂಡಿತು,
ತುಟಿ ಓರೆಯಾಗಿಯೇ ನಕ್ಕಿತು.

"ಕುಮಟೆಯ ಬೊಮ್ಮಯ್ಯ ಹರಿಕಂತ್ರ.
ಕೇಳ್ತಿದ್ದಾನೆ, ಲಿಗೋರಿಯಾ?
ಈ ಗುಂಯ್ ಇನ್ಯಾರದ್ದೂ ಅಲ್ಲ.
ಇದ್ದೀಯಾ, ಅಂತ."

ಗುಂಯ್.
ಅದು ಪವರ್ ಸಪ್ಲೈಯಲ್ಲಿ ಹೊಟ್ಟೆ ಉಬ್ಬಿದ ಕೆಪಾಸಿಟರು.
ಸೆಲೆಸ್ತಿನ್ ಫೋನಿನಲ್ಲೇ ಹೇಳಿದ್ದರು, ಸದ್ದು ಬರ್ತದೆ ಅಂತ.
ಹೊಸತು ನನ್ನ ಚೀಲದಲ್ಲೇ ಇತ್ತು.

"ಆ ತಂತಿ ಪುನಃ ಕೊಡು," ಎಂದರು.
"ನಾನು ಹೇಳುವಾಗ ತಾಗಿಸು, ಹೇಳುವಾಗ ಬಿಡು."
ಮೌಸು ಅದರ ಪಾಡಿಗೆ ಮೇಜಿನ ಮೇಲೆ.
ತಾಗಿಸು. ಬಿಡು.
ತಾಗಿಸು, ಹಿಡಿ, ಹಿಡಿ, ಬಿಡು.
ತಾಗಿಸು. ಬಿಡು.
ಗಿಡ್ಡ, ಉದ್ದ, ಗಿಡ್ಡ.
ಇದು ಎಂತ ಮಾಸ್ಟ್ರೇ?
"ಸಿಕ್ಕಿತು ಅಂತ."

ಹೊರಡುವಾಗ ಸೆಲೆಸ್ತಿನ್ ಲೆಕ್ಕ ಕೇಳಿದರು.
ಕೇಬಲು, ಚಿಪ್ಪು, ಬಸ್ಸಿನ ಚಾರ್ಜು ಬರೆದುಕೊಟ್ಟೆ.
ಸದ್ದು ನಿಂತಿತಾ ಎಂದರು.
ಅದು ನಿಲ್ಲುವ ಜಾತಿಯದ್ದಲ್ಲ ಎಂದೆ.