ಕಾವಲು ಬಂದ್ ಮಾಡಿದಾಕಿ

ಹನ್ನೊಂದು ಸಾವಿರದ ಸಾಫ್ಟ್‌ವೇರ್
ಹುಚ್ಚೇಶ ಪೆನ್‌ಡ್ರೈವಿನಾಗ ತಂದ, ನೂರೈವತ್ತಕ್ಕ.
ಮ್ಯಾಲೊಂದು ಚಹಾ, ಅದೂ ನಂದಽ.
"ಅಕ್ಕಾ, ಆ್ಯಂಟಿವೈರಸ್ ಹತ್ ನಿಮಿಷ ಬಂದ್ ಮಾಡ,
ಸುಮ್ಮನ ಒದರತೈತಿ."
ಮಾಡಿದೆ,
ನಾಯಿ ಕಟ್ಟಿಹಾಕಿ ಬಾಗಲಾ ತೆಗದಂಗ.
ಮತ್ತ ಚಾಲೂ ಮಾಡೂದು ಮರತೆ.
ಇಲ್ಲ, ಸುಳ್ಳು. ಮರತಿರಲಿಲ್ಲ.
ಚಾಲೂ ಮಾಡಿದ್ರ ಸಾಫ್ಟ್‌ವೇರ್ ಓಡತಿರಲಿಲ್ಲ.

ಗುಳೇದಗುಡ್ಡದ ಈ ಓಣಿಯಾಗ
ಪಿಂಚಣಿ, ರೇಷನ್, ನೇಕಾರ ಕಾರ್ಡು, ಏನಿದ್ರೂ ನನ್ನ ಅಂಗಡಿ.
ಪ್ಲಾಸ್ಟಿಕ್ ಚೀಲದಿಂದ ಆಧಾರ ತಗದು
ಸೆರಗಿಲೆ ಒರಸಿ ಕೊಡತಾರ.
ಮಾಬುಬಿಯ ಬೆರಳು ಯಂತ್ರಕ್ಕ ಗುರ್ತ ಹತ್ತೂದಿಲ್ಲ,
ನಲವತ್ತು ವರ್ಷ ಎಳಿ ಹಿಡದು ಗೆರಿ ಸವದಾವ.
ಒದ್ದೀ ಅರಿವೀಲೆ ಒರಸಿ, ಒತ್ತಿಸಿ, ಮತ್ತ ಒತ್ತಿಸಿ
ಐದನೇ ಸಲಕ್ಕ ಹಸರ ದೀಪ.
ಎಲ್ಲಾರ ಕಾಗದಾನೂ ಹೆಸರು ಹಚ್ಚಿ ಇಟ್ಟಿದ್ದೆ:
ಬನಶಂಕರೆವ್ವ ಹೊಸಾದು,
ಬನಶಂಕರೆವ್ವ ಹೊಸಾದು ಖರೇದು.

ಮಂಗಳವಾರ ಕಸಾ ಹೊಡದು, ಊದಿನಕಡ್ಡಿ ಬೆಳಗಿ ಬಟನ್ ಒತ್ತಿದೆ.
ಪ್ರತಿ ಹೆಸರಿನ ಬಾಲಕ್ಕ
ಎಂದೂ ಕಾಣದ ಐದು ಅಕ್ಷರ. ಒಂದೂ ತೆರಿಯಲೊಲ್ಲದು.
ನಡುವ ಕರೇ ಪರದೆ,
ಇಂಗ್ಲಿಷಿನಾಗ ಬಾಳ ಮರ್ಯಾದಿ ಮಾತು:
ದಯವಿಟ್ಟು ಗಾಬರಿ ಆಗಬ್ಯಾಡ್ರಿ ಅಂತ.
ಮೂರು ದಿನದ ವಾಯಿದೆ, ಡಾಲರಿನ ಲೆಕ್ಕ,
ಹಿಂದಕ ಹಿಂದಕ ಓಡೂ ಗಡಿಯಾರ.

ಹುಚ್ಚೇಶ ಫೋನಿನಾಗ ನಕ್ಕ:
"ಫಾರ್ಮ್ಯಾಟ್ ಹೊಡದ್ರ ಆತು ಬಿಡಕ್ಕ."
ಆತು.
ತಾಸಿನಾಗ ಎಳೇ ಕೂಸು ಆತು ಕಂಪ್ಯೂಟರ್,
ಯಾರ ನೆನಪೂ ಇಲ್ಲ ಅದಕ್ಕ.
ಆದ್ರ ಕಳಕೊಂಡದ್ದು ಎಲ್ಲೋ ಇರತೈತೆಲ್ಲಾ:
ಮಾಬುಬಿಯ ಬ್ಯಾಂಕ್ ನಂಬರು,
ನಾನಽ ಅಂದಾಜಿಲೆ ಹಾಕಿದ ಹುಟ್ಟಿದ ತಾರೀಖು,
ಕಣ್ಣು ಮಿಟಕಿಸದ ಆ ಫೋಟೋ,
ಗುರ್ತಿಲ್ಲದವರ ಮನ್ಯಾಗ ಕುಂತಾಳ ಈಗ.

"ಹೇಳಬ್ಯಾಡ, ಅವರಿಗೇನು ತಿಳೀತೈತಿ?" ಅಂದ ನನ್ನ ಗಂಡ.
ತಿಳಿಯೂದಿಲ್ಲ.
ತಿಳಿಯೂದಿಲ್ಲಂತನಽ ನನ್ನ ಕೈಯಾಗ ಕೊಟ್ಟಿದ್ರು.

ಶಟರ್ ಅರ್ಧಕ್ಕ ಎಳದು, ವಹಿ ಬಗಲಾಗ ಹಿಡಕೊಂಡು ಹೊಂಟೆ.
ಮಾಬುಬಿ ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು
ಖಣ ನೇಯತಿದ್ಲು. ಲಾಳಿ ನಿಲ್ಲಿಸಿ ಪೂರಾ ಕೇಳಿದ್ಲು.
"ನಂದೇನೈತಿ ಬೇ ಕದಿಯಾಕ,
ಎರಡನೂರಾ ಹನ್ನೊಂದು ರೂಪಾಯಿ."
ಆಮ್ಯಾಲ ಹೆಬ್ಬಟ್ಟು ಬೆಳಕಿಗೆ ಹಿಡದು ನೋಡಿಕೊಂಡ್ಲು:
"ಇದೂ ಹೋಗೇತೇನು?"

ಗೊತ್ತಿಲ್ಲ ಅಂದೆ.
ವಹಿಯಾಗ ಇನ್ನ ನೂರಾ ಆರು ಮನಿ ಅದಾವ.