ಮಹಡಿಯ ಗದ್ದಲ

ಹನ್ನೊಂದು ವರ್ಷವಾಯಿತು.
ಮೊದಮೊದಲು ಕೇಳಿದವರಿಗೆಲ್ಲ ಹೇಳುತ್ತಿದ್ದೆ:
ಎದೆಯೊಳಗೆ ಯಾರೋ ಹೊಸಬ ಬಂದು ಕೂತಿದ್ದಾನೆ,
ಬೆರಳು ಇನ್ನೂ ಕೂರದವನು,
ಒಂದಕ್ಷರ ಬಿಟ್ಟು ಮೂರನ್ನು ಒಟ್ಟಿಗೆ ಹೊಡೆಯುವವನು,
ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತರೆ
ನನ್ನ ಮುಖ ನೋಡುವವನು.

ಮಂಡ್ಯದ ಪೇಟೆ ಬೀದಿಯಲ್ಲಿ ನಮ್ಮದಿತ್ತು
ಮಹಡಿ ಮೇಲಿನ ಟೈಪಿಂಗ್ ಶಾಲೆ.
ಹದಿನಾಲ್ಕು ಮಷೀನು, ಗಂಟೆಗೊಂದು ಬ್ಯಾಚು.
ಬೆನ್ನು ತಿರುಗಿಸಿ ಹಾಜರಿ ಬರೆಯುತ್ತಲೇ
ಯಾರ ಕೈ ಯಾವುದೆಂದು ಹೇಳಿಬಿಡುತ್ತಿದ್ದೆ,
'ಜವರಾಯಿ, ಎಡಗಿರುಬೆರಳು ಎಲ್ಲೋಯ್ತೋ?'
ಕೆಳಗೆ ಅಶ್ವತ್ಥಶೆಟ್ಟರ ಬಟ್ಟೆ ಅಂಗಡಿ.
ಚಾವಣಿಯ ಸುಣ್ಣ ಪಂಚೆಯ ಥಾನಿನ ಮೇಲೆ ಉದುರುತ್ತಿತ್ತು.
ಶೆಟ್ಟರು ಒಮ್ಮೆ ತಲೆಯೆತ್ತಿ, ಕೊಡವಿ,
ಮತ್ತೆ ಗಜಕಡ್ಡಿ ಹಿಡಿದು ಅಳೆಯುತ್ತಿದ್ದರು.
ಮಷೀನುಗಳೆಲ್ಲ ತೂಕಕ್ಕೆ ಹೋದ ವರ್ಷವೇ
ಇವನು ಬಂದದ್ದು.

ಮೈಸೂರಿನ ಡಾಕ್ಟರು ಕಾಗದದ ಮೇಲೆ ಹೃದಯ ಬರೆದು
ಮೇಲೆರಡು ಕೋಣೆ, ಕೆಳಗೆರಡು ಎಂದಾಗ
ನನಗೆ ಮೆಟ್ಟಿಲೂ ಕಂಡಿತು.
ಮೇಲಿನವು ಬಡಿಯುತ್ತಿಲ್ಲವಂತೆ, ಬರೀ ನಡುಗುತ್ತಿವೆಯಂತೆ,
ನಿಮಿಷಕ್ಕೆ ನಾನೂರು ಸಲ.
ನಮ್ಮ ಶಾಲೆಯಲ್ಲಿ ಯಾರೂ ಅಷ್ಟು ಹೊಡೆದದ್ದಿಲ್ಲ.
ಪುಣ್ಯಕ್ಕೆ ಅಷ್ಟೂ ಕೆಳಗಿಳಿಯುವುದಿಲ್ಲ,
ಮೆಟ್ಟಿಲು ಒಂದಷ್ಟನ್ನು ತಡೆಯುತ್ತದೆ.
ಇಳಿದು ಬಂದದ್ದಕ್ಕೆ ಕೆಳಗಿನವರು
ಕೈಲಾದಷ್ಟು ಅಳೆದು ಕೊಡುತ್ತಾರೆ.

ಎರಡು ಸಲ ಕರೆಂಟು ಕೊಟ್ಟು ಸರಿಮಾಡಿದರು.
ಮೊದಲ ಸಲ ಐದು ತಿಂಗಳು, ಎರಡನೇ ಸಲ ಹನ್ನೆರಡು ದಿನ
ಒಳಗೆಲ್ಲ ಭಾನುವಾರದ ಶಾಲೆಯ ಮೌನ.
ಆಮೇಲೆ ಬಾಗಿಲು ತಳ್ಳಿಕೊಂಡು ಮತ್ತೆ ಬಂದ.
'ಇದು ಕಳಿಸೋದಲ್ಲಮ್ಮ, ಇಟ್ಕೊಳ್ಳೋದು.'

ಅಂದಿನಿಂದ ರಕ್ತ ತೆಳ್ಳಗಿಡುವ ಮಾತ್ರೆ.
ಅರ್ಧ, ಒಂದು, ಅರ್ಧ, ಒಂದು, ಭಾನುವಾರ ಒಂದೂವರೆ.
ಈಳಿಗೆಮಣೆ ಅಟ್ಟ ಸೇರಿತು.
ತರಕಾರಿ ಹೆಚ್ಚುವುದು ಈಗ ಇವರ ಕೆಲಸ,
ಸಾರಿನಲ್ಲಿ ಹುರುಳಿಕಾಯಿ ಬಳಪದುದ್ದ ತೇಲುತ್ತದೆ.
ಚಿಲಕ ತಾಗಿದರೂ ಸಾಕು, ತೋಳಿನ ಮೇಲೆ
ಕಾರ್ಬನ್ ಹಾಳೆ ಮುಟ್ಟಿದ ನೀಲಿ.

ಕಷ್ಟವೆಂದರೆ ಸೊಪ್ಪು.
ತಿನ್ನಿ, ಆದರೆ ದಿನವೂ ಒಂದೇ ಅಳತೆ ಎನ್ನುತ್ತಾರೆ.
ಮಂಡ್ಯದವಳಿಗೆ ಸೊಪ್ಪಿನ ಅಳತೆ ಹೇಳುವುದೆ!
ಮಳೆ ಬಿದ್ದ ಮೂರನೇ ವಾರ ನಾದಿನಿ ಕೆಂಪಾಜಮ್ಮ
ಮಡಿಲ ತುಂಬ ಬೆರಕೆ ಸೊಪ್ಪು ತಂದು ಸುರಿಯುತ್ತಾಳೆ,
ಅಣ್ಣೆ, ಕಿರಕಸಾಲೆ, ಗಣಿಕೆ, ಹೆಸರು ಮರೆತ ಇನ್ನೆರಡು.
ಉಪ್ಪುಸಾರಿನ ಹಬೆಗೆ ಮುಖವೊಡ್ಡಿ
ಒಂದೇ ಸೌಟು ಹಾಕಿಸಿಕೊಳ್ಳುತ್ತೇನೆ.
ಹೋದ ವರ್ಷ, ಸುಳ್ಳು ಯಾಕೆ, ಮೂರು ಸೌಟು. ವಾರವಿಡೀ.
ಲ್ಯಾಬಿನ ಶಹತಾಜ್ ಚೀಟಿ ನೋಡಿ
'ಒಂದು ಪಾಯಿಂಟ್ ಆರು. ಏನಕ್ಕಾ, ಸೊಪ್ಪಾ?' ಅಂದಳು.
ಎರಡರಿಂದ ಮೂರರೊಳಗೆ ಇರಬೇಕಿತ್ತು.
ಇಷ್ಟು ವರ್ಷ ಜನರ ತಪ್ಪೆಣಿಸಿ ಮಾರ್ಕು ಕಳೆದವಳು
ತಲೆ ತಗ್ಗಿಸಿ ನಿಂತೆ.

ವಾಪಸು ರೈಲು ಶ್ರೀರಂಗಪಟ್ಟಣದ ಸೇತುವೆ ಹತ್ತುವಾಗ
ಗಾಲಿಯ ಸದ್ದು ಬದಲಾಗುತ್ತದೆ.
ಆಗ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೋಡುತ್ತೇನೆ.
ಹೊರಗೆ ಕಬ್ಬಿಣ ಲೆಕ್ಕವಾಗಿ,
ಒಳಗೆ ಇವನು ತನ್ನಿಷ್ಟ.
ಎರಡೂ ಹೊಳೆ ದಾಟುತ್ತವೆ.

ಹೆದರಿಕೆ ಇಲ್ಲವೆಂದಲ್ಲ.
ಕಲ್ಲಹಳ್ಳಿಯ ಪಟ್ಟಮ್ಮನಿಗೂ ಇದೇ ಇತ್ತು, ಗೊತ್ತಿರಲಿಲ್ಲ.
ಒಂದು ಬೆಳಗ್ಗೆ ಕಾಫಿ ತುಟಿಯ ಒಂದೇ ಕಡೆಯಿಂದ ಸೋರಿತು.
ಈಗ ಮಗಳ ಹೆಸರು ಹುಡುಕಲು
ಅವಳಿಗೆ ಒಂದು ಹೊತ್ತು ಬೇಕು.

ಅದಕ್ಕೇ ಏಳುತ್ತಲೇ, ದೀಪ ಹಾಕುವ ಮೊದಲು,
ಅಡುಗೆಕಟ್ಟೆಯ ತಣ್ಣನೆ ಕಲ್ಲಿನ ಮೇಲೆ ಬೆರಳು ಇಡುತ್ತೇನೆ.
ಎ ಎಸ್ ಡಿ ಎಫ್,
ಸೆಮಿಕೋಲನ್ ಎಲ್ ಕೆ ಜೆ.
ಬಾಯಲ್ಲೂ ಹೇಳುತ್ತೇನೆ, ನಾಲಗೆಯೂ ಇದೆಯೆಂದು ತಿಳಿಯಲಿ.
ಎಡಗಿರುಬೆರಳು ಕೊಂಚ ಅಳುಕುತ್ತದೆ,
ಆಮೇಲೆ ಕೂರುತ್ತದೆ.
ಒಳಕೋಣೆಯಿಂದ ಇವರು, ಕಣ್ಣು ಬಿಡದೆಯೇ,
'ಎಲ್ಲಾ ಹಾಜರಾ?'
'ಹಾಜರು. ಇವತ್ತಾದರೂ ಹುರುಳಿಕಾಯಿ ಸಣ್ಣಕ್ಕೆ ಹೆಚ್ಚಿ.'