ಅಂಗೈಯಲ್ಲಿ ನಾಲ್ಕು ನಿಮಿಷ

ಲಕ್ಷ್ಮೀಪುರಂ, ಪ್ರೆಸ್ಸಿನ ಮೇಲಿನ ಹಾಲ್.
ಕೆಳಗೆ ಲಗ್ನಪತ್ರಿಕೆ ಅಚ್ಚಾಗುವ ಸದ್ದು.
ಮೂರು ಡಬ್ಬಿ ರೀಲು, ಮಡಚುವ ಕುರ್ಚಿ ನಲವತ್ತು,
ನಾನು ಆಪರೇಟರು.

ಸೊಸೈಟಿಯ ಸೆಕ್ರೆಟರಿ ಪದ್ಮರಾಜಯ್ಯ
ಮಧ್ಯಾಹ್ನವೇ ಒಬ್ಬರೇ ಕೂತು ಪೂರ್ತಿ ನೋಡಿ
ಕತ್ತು ಒರೆಸಿಕೊಳ್ಳುತ್ತಾ ಹೇಳಿದ್ದರು:
'ಎರಡನೇ ರೀಲು. ಅವಳು ದೀಪ ಸಣ್ಣಗೆ ಮಾಡಿದ ಮೇಲೆ
ನಾಲ್ಕು ನಿಮಿಷ ನಿನ್ನ ಕೈ ಅಡ್ಡ ಹಿಡಿ ಕಣಯ್ಯಾ,
ಹೆಂಗಸರೂ ಬರ್ತಾರೆ.'

ಹಿಡಿದೆ.
ಪರದೆಯ ಮೇಲೆ ಮಸುಕು ಮಸುಕು ಐದು ಬೆರಳು,
ಸಂದಿಯಲ್ಲಿ ಸೋರುವ ಬೆಳಕು.
ಸದ್ದಿಗೆ ಅಡ್ಡ ಹಿಡಿಯಲು ಕೈ ಸಾಲಲಿಲ್ಲ:
ಕಾಗದದ ಛತ್ರಿಗಳ ಮೇಲೆ ಮಳೆ,
ಸೊಂಟದ ಪಟ್ಟಿ ಬಿಚ್ಚುವ ಉದ್ದನೆಯ ಸರಸರ,
ಆಮೇಲೆ ಉಸಿರು.
ಕುರ್ಚಿಗಳು ಕಿರಗುಟ್ಟುವುದನ್ನು ನಿಲ್ಲಿಸಿದವು.

ಕಾಫಿಯ ಹೊತ್ತಿಗೆ ಅಭಿಪ್ರಾಯಗಳು.

ಸಂಪತ್ಕುಮಾರಾಚಾರ್, ಸಸ್ಯಶಾಸ್ತ್ರ, ನಿವೃತ್ತಿ,
ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಎರಡು ಸಲ ಓದಿದವರು:
'ಪುಸ್ತಕದಲ್ಲಿ ಆ ರಾತ್ರಿ ಮೂವತ್ತು ಪುಟ ಕಣ್ರೀ.
ಇಬ್ಬರೂ ಮುಟ್ಟುವುದೇ ಇಲ್ಲ.
ಸೋರುವ ಮಾಡಿನ ಕೆಳಗೆ ಪಾತ್ರೆ ಇಡ್ತಾ ಇರ್ತಾರೆ, ಬೆಳಗಿನ ತನಕ.
ಈ ಡೈರೆಕ್ಟರು ಪಾತ್ರೆ ಎತ್ತಿಟ್ಟು
ಹಾಸಿಗೆ ಹಾಸಿಬಿಟ್ಟ.'
'ಹಾಸಿಗೆ ನೋಡಿದ್ರಾ ಸಾರ್?' ಎಂದ ಗಂಗೋತ್ರಿಯ ಹುಡುಗ ರೇವಣ್ಣ.
'ಕೇಳಿಸಿತಲ್ಲಯ್ಯಾ.'

ಮಂಡ್ಯದ ಹೊಂಬಾಳೇಗೌಡರು,
ಸಕ್ಕರೆ ಕಾರ್ಖಾನೆಯ ಕೆಮಿಸ್ಟು, ಕೊನೇ ರೈಲಿಗೆ ಗಡಿಯಾರ ನೋಡುತ್ತಾ:
'ಪಾಕ ಹರಳುಗಟ್ಟೋದಕ್ಕೆ ಮುಂಚೆ ಒಂದು ಗಳಿಗೆ ಅದೆ.
ಅದನ್ನ ಹಿಡಿದವ್ನೆ ಇವನು.
ಆಮೇಲಿಂದು ಯಾರಾದ್ರೂ ತೆಗೀತಾರೆ ಬುಡಿ.'

ಮಂಡಿ ಮೊಹಲ್ಲಾದ ಟೈಲರ್ ರವೂಫ್ ಸಾಬರಿಗೆ
ಕತೆ ಹಿಡಿಸಲಿಲ್ಲ, ಬಟ್ಟೆ ಹಿಡಿಸಿತು:
'ಒಂದು ಗುಂಡಿ ಇಲ್ಲ, ಒಂದು ಹುಕ್ಕಿಲ್ಲ.
ಎಲ್ಲಾ ಒಂದೇ ಗಂಟಿನ ಮೇಲೆ ನಿಂತದೆ.
ಅಷ್ಟು ನಂಬಿಕೆ ಇಟ್ಟು ನಾನು ಯಾವತ್ತೂ ಹೊಲಿದಿಲ್ಲ.'

ಹೊಸದಾಗಿ ಮದುವೆಯಾದವರು ಮೂಲೆಯಲ್ಲಿ.
ಅವನು 'ತುಂಬಾ ಸ್ಲೋ' ಎಂದ.
ಅವಳು ಲೋಟದೊಳಗೆ ನೋಡುತ್ತಾ
'ಇನ್ನೂ ಸ್ಲೋ ಇರಬಹುದಿತ್ತು' ಎಂದಳು.
ಇಬ್ಬರೂ ಬೇಗ ಹೊರಟರು.

ಅಶ್ಲೀಲವೋ ಕಲೆಯೋ,
ಪದ್ಮರಾಜಯ್ಯ ಕೈ ಎತ್ತಿಸಿದರು.
ಹನ್ನೊಂದು. ಹದಿನಾಲ್ಕು.
ಉಳಿದವರು ಬಿಸ್ಕತ್ತು ಅದ್ದುತ್ತಿದ್ದರು.
ನನಗೆ ನಗು: ಅಷ್ಟೂ ಜನ
ನನ್ನ ಒಂದು ಕೈಯ ಬಗ್ಗೆ ಕೈ ಎತ್ತಿದ್ದರು.

ನನ್ನನ್ನು ಕೇಳಲಿಲ್ಲ.
ಕೇಳಿದ್ದರೆ ಏನು ಹೇಳಲಿ,
ಗಾಜಿನಿಂದ ಗೇಣು ದೂರ, ನನ್ನ ಅಂಗೈಯಲ್ಲಿ
ಅವಳು ಮಲಗಿದ್ದಳು ಅಂತಲೇ?
ಆಯುಷ್ಯರೇಖೆಯ ಉದ್ದಕ್ಕೆ ಬೆಳ್ಳಗೆ ಏನೋ, ಬೆನ್ನಿರಬೇಕು.
ಹೆಬ್ಬೆರಳ ಬುಡದ ಜಡ್ಡಿನ ಮೇಲೆ ಕಪ್ಪಗೆ ಅವನ ತಲೆಯಿರಬೇಕು.
ಬೆರಳು ಮಡಚಿದರೆ ಹತ್ತಿರವಾಗುತ್ತಿದ್ದರು,
ಬಿಡಿಸಿದರೆ ದೂರ.
ತೂಕವಿಲ್ಲ. ಒಂಚೂರು ಬೆಚ್ಚಗೆ.
ಏನು ಮಾಡುತ್ತಿದ್ದರೋ ನನಗೂ ಕಾಣಲಿಲ್ಲ,
ಫೋಕಸ್ಸು ಗೋಡೆಗಿತ್ತು.

ಕುರ್ಚಿ ಮಡಚುವಾಗ ಸಿಸ್ಟರ್ ಫಿಲೋಮಿನ,
ದೊಡ್ಡಾಸ್ಪತ್ರೆಯ ರಾತ್ರಿ ಪಾಳಿಗೆ ಹೊರಟವರು,
ಹತ್ತಿರ ಬಂದು ಮೆಲ್ಲಗೆ:
'ಮೂರನೇ ನಿಮಿಷದಲ್ಲಿ ನಿಮ್ಮ ಕೈ ನಡುಗ್ತು.
ಇಡೀ ಸಿನಿಮಾದಲ್ಲಿ ನನಗೆ ಹಿಡಿಸಿದ್ದು ಅದೊಂದೇ.'

ಒಂಟಿಕೊಪ್ಪಲಿನ ಮನೆ ಸೇರಿದಾಗ ಹನ್ನೊಂದು.
ನೀಲಾಂಬಿಕೆ ಎದ್ದು ಅನ್ನ ಬಡಿಸಿದಳು.
'ಏನು ಕತೆ?'
'ಒಬ್ಬಳು ಛತ್ರಿ ಮಾಡ್ತಾಳೆ. ಮನೆ ಸೋರ್ತಿರುತ್ತೆ.'
'ನಮ್ಮದರ ಹಾಗೆ,' ಎಂದಳು. 'ಚೆನ್ನಾಗಿತ್ತಾ?'

ಕಲಸುವುದನ್ನು ಬಿಟ್ಟು ಕೈ ನೋಡಿಕೊಂಡೆ.
'ಗೊತ್ತಾಗಲಿಲ್ಲ ಕಣೇ.
ಯಾರೋ ಅಡ್ಡ ಕೈ ಇಟ್ಟಿದ್ದರು.'
'ಥೂ, ಎಂಥಾ ಜನ!' ಎಂದು
ಇನ್ನೊಂದು ಸೌಟು ಸಾರು ಬಿಟ್ಟಳು.